ಅಲ್ಲಾಡಿಸಬಾರದ ಮಡಕೆ

ನಮ್ಮ ಅರಸೀಕೆರೆ ಕಡೆಯವರಿಗೊಂದು ಚಟ ಇದೆ. ದುಂಡಗಿರುವುದು ಏನೇ ಕೈಗೆ ಸಿಗಲಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ನಗಬೇಡಿ, ನಮ್ಮ ಅನ್ನ ಅದರಿಂದಲೇ. ತೆಂಗಿನಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ವರ್ಷವಿಡೀ ಬಿಟ್ಟರೆ ಒಳಗಿನ ನೀರು ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಅಂತ ಹೇಳುವ ಯಂತ್ರ ಒಂದೇ, ಕಿವಿ. ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನಬೇಕು. ಅದಕ್ಕೆ ಮೊದಲು ಒಡೆದಿರೋ, ಅತ್ತ ಕಾಯಿಯೂ ಅಲ್ಲ ಇತ್ತ ಕೊಬ್ಬರಿಯೂ ಅಲ್ಲ, ಮುಗ್ಗಲು ವಾಸನೆಯ ರಬ್ಬರು.

ನಾನು ಚಿಕ್ಕವಳಿದ್ದಾಗ ಸ್ಕೂಲಿಂದ ಬಂದವಳೇ ಅಟ್ಟ ಹತ್ತುತ್ತಿದ್ದೆ. ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸುವುದು, ಮಾರನೇ ದಿನ ಅದನ್ನೇ ಮತ್ತೆ ಅಲ್ಲಾಡಿಸುವುದು. "ಏ ಹುಡುಗಿ, ಅಲ್ಲಾಡ್ಸಿದ್ರೆ ಬೇಗ ಒಣಗ್ತದೇನೇ? ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯ ನೀನು" ಅಂತ ಅಜ್ಜಿ ಕೆಳಗಿನಿಂದ ಕೂಗುತ್ತಿದ್ದಳು. ಇಳಿಯುತ್ತಿದ್ದೆ, ಅವಳು ಕೊಟ್ಟಿಗೆಗೆ ಹೋದಕೂಡಲೇ ಮತ್ತೆ ಹತ್ತುತ್ತಿದ್ದೆ. ಕಾಯುವುದು ಅಂದರೆ ನನಗೆ ಆಗಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಹಾಲು ಉಕ್ಕುವ ತನಕ ಒಲೆ ಮುಂದೆ ನಿಲ್ಲಲಾರೆ. ಬಸ್ಸು ಐದು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆದುಬಿಡುತ್ತೇನೆ, ಬಸ್ಸು ನನ್ನ ಪಕ್ಕದಲ್ಲೇ ಹಾದುಹೋಗುತ್ತದೆ.

ಇಂಥವಳು ಆರಿಸಿಕೊಂಡ ಸಂಶೋಧನೆ ನೋಡಿ, ಕಲ್ಲು ಬೇಯಿಸುವುದು.

ತೊಂಬತ್ತರ ದಶಕ ಮುಗಿಯುತ್ತಿತ್ತು. ಹಳೇಬೀಡಿನ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದೆ. ಪಾಠ ಮಾಡಿಕೊಂಡೇ ಡಾಕ್ಟರೇಟಿಗೆ ಹೆಸರು ಬರೆಸಿದ್ದೆ. ವಿಷಯ ಹೇಳಿದರೆ ಜನ ನನ್ನ ಮುಖ ನೋಡುತ್ತಿದ್ದರು. ನಮ್ಮ ಸೀಮೆಯಲ್ಲಿ ಕೆಂಪು ಕಲ್ಲಿನ ಗುಡ್ಡಗಳು ಬೇಕಾದಷ್ಟಿವೆ. ಅವುಗಳಲ್ಲಿ ಕಬ್ಬಿಣ ಇದೆ, ಆದರೆ ಮರಳುಕಲ್ಲಿನ ಜೊತೆ ಹೆಣೆದುಕೊಂಡಿದೆ. ಕಳಪೆ ಅದಿರು ಅಂತ ಯಾರೂ ಕೇಳುವುದಿಲ್ಲ. ಆ ಕಲ್ಲನ್ನು ಕಡಲೆ ಗಾತ್ರಕ್ಕೆ ಒಡೆದು, ತೆಂಗಿನ ಚಿಪ್ಪಿನ ಪುಡಿ, ಮರದ ಹೊಟ್ಟು ಬೆರೆಸಿ, ಮಡಕೆಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಕೆಂಪಗೆ ಕಾಯಿಸಿದರೆ, ಚಿಪ್ಪಿನಿಂದ ಹೊರಡುವ ಅನಿಲ ಕಲ್ಲಿನೊಳಗಿನ ಆಮ್ಲಜನಕದಲ್ಲಿ ಒಂದು ಪಾಲು ಕಿತ್ತುಕೊಳ್ಳುತ್ತದೆ. ಕೆಂಪು ಕಲ್ಲು ಕಪ್ಪಾಗುತ್ತದೆ. ಮೊದಲು ಮ್ಯಾಗ್ನೆಟ್ಟಿಗೆ ಕ್ಯಾರೇ ಅನ್ನದಿದ್ದ ಕಲ್ಲು ಎಗರಿ ಬಂದು ಅಂಟಿಕೊಳ್ಳುತ್ತದೆ. ಆಮೇಲೆ ಕುಟ್ಟಿ ಪುಡಿಮಾಡಿ ಮ್ಯಾಗ್ನೆಟ್ ಆಡಿಸಿದರೆ ಕಬ್ಬಿಣದ ಪಾಲು ಮೇಲೆ, ಮರಳು ಕೆಳಗೆ. ಪುಸ್ತಕದಲ್ಲಿ ಇಷ್ಟೇ. ನನ್ನ ಕೈಯಲ್ಲಿ ಮಾತ್ರ ಕಲ್ಲು ಎಗರುತ್ತಿರಲಿಲ್ಲ. "ಈ ವರ್ಷದೊಳಗೆ ಎಗರದಿದ್ದರೆ ಈ ವಿಷಯ ಬಿಟ್ಟುಬಿಡಮ್ಮ, ಹೆಸರು ತೆಗೆಸಿಬಿಡೋಣ" ಅಂತ ನನ್ನ ಗೈಡು ಹೇಳಿಯಾಗಿತ್ತು.

ಬಾಡಿಗೆಗೆ ಇದ್ದದ್ದು ಊರಾಚೆಯ ಒಂದು ಜೈನರ ಮನೆಯಲ್ಲಿ, ಹಿತ್ತಲ ಕಡೆಯ ಎರಡು ಕೋಣೆ. ಮನೆಯೊಡತಿಗೆ ಅರವತ್ತು ದಾಟಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಜಮೀನು, ತೋಟ, ಆಳುಕಾಳು ಎಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗದ್ದೆ ಬದುವಿನ ಮೇಲೆ ನಿಂತು ಕೂಗಿದರೆ ಟ್ರಾಕ್ಟರಿನವನಿಗೂ ಕೇಳಬೇಕು, ಅಂಥ ಗಂಟಲು. ನಾನು ಅಮ್ಮನವರು ಅನ್ನುತ್ತಿದ್ದೆ.

ಮನೆ ಕೊಡುವಾಗಲೇ ಕರಾರು ಹೇಳಿದ್ದರು. ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆ ಹೊಸಿಲು ದಾಟಬಾರದು. ನೀರು ಬಟ್ಟೆಯಲ್ಲಿ ಸೋಸಿಯೇ ಬಳಸಬೇಕು. ಹಿತ್ತಲಿನಲ್ಲಿ ಕಲ್ಲು ಸುಡಬೇಕು ಅಂತ ನಾನು ಅಂಜುತ್ತ ಕೇಳಿದಾಗ ಒಂದು ನಿಮಿಷ ನನ್ನನ್ನೇ ನೋಡಿ, "ಕಲ್ಲಾ? ಕಲ್ಲು ಸುಟ್ಕೊಳಮ್ಮ, ಕಲ್ಲಿಗೇನು ಜೀವ ಐತಾ" ಅಂದರು. ಆಮೇಲೆ ಬೆರಳೆತ್ತಿ ಎರಡು ಕರಾರು ಸೇರಿಸಿದರು. ಸುಡುವ ಚಿಪ್ಪು, ಹೊಟ್ಟು, ಮಟ್ಟೆ ಎಲ್ಲವನ್ನೂ ಮೊದಲು ಬಿಸಿಲಿಗೆ ಹರಡಿ, ಮೊರದಲ್ಲಿ ಕೇರಿ, ಒಳಗಿದ್ದ ಹುಳಹುಪ್ಪಟೆ ಹೊರಗೆ ಬಿಡಬೇಕು. ಮತ್ತೆ, ಹೊತ್ತು ಮುಳುಗಿದ ಮೇಲೆ ಹಿತ್ತಲಲ್ಲಿ ಉರಿ ಇರಬಾರದು. ಬೆಳಕಿಗೆ ಹುಳ ಬಂದು ಬೀಳುತ್ತವೆ.

ಕೇರುವ ಕೆಲಸ ನನಗೆ ಬಿಡಲಿಲ್ಲ. "ನಿನ್ ಕೈ ಗಡಿಬಿಡಿ ಕೈ, ಇರುವೆ ಎಲ್ಲಾ ಬೆಂಕಿಗೆ ಹೋಗ್ತವೆ" ಅಂತ ಮೊರ ಕಿತ್ತುಕೊಂಡು ತಾವೇ ಕೂರುತ್ತಿದ್ದರು. ಅರಸೀಕೆರೆಯ ನಮ್ಮ ಮನೆಯಿಂದ ನಾನು ಚಿಪ್ಪಿನ ಮೂಟೆ ತರುತ್ತಿದ್ದೆ, ಬೇಲೂರಿನ ಸಾಮಿಲ್ಲಿನಿಂದ ಮರದ ಹೊಟ್ಟು, ಗೆಂಡೆಹಳ್ಳಿ ಕಡೆಯ ರೈಸ್‌ಮಿಲ್ಲಿನಿಂದ ಭತ್ತದ ಹೊಟ್ಟು. ಬಸ್ಸಿನಲ್ಲಿ ಮೂಟೆ ಏರಿಸುವಾಗಲೆಲ್ಲ ಕಂಡಕ್ಟರ್ ಜೊತೆ ಜಗಳ. "ಏನ್ರೀ ಮೇಡಂ, ಕಾಲೇಜಲ್ಲಿ ಪಾಠ ಮಾಡ್ತೀರೋ, ಇದ್ದಿಲು ವ್ಯಾಪಾರ ಮಾಡ್ತೀರೋ?" ಅಂತ ಅವನು ಕೂಗಿದರೆ, "ಎರಡೂ ಮಾಡ್ತೀನಿ, ಟಿಕೆಟ್ ಕೊಡ್ರೀ" ಅನ್ನುತ್ತಿದ್ದೆ. ಹಿತ್ತಲಿನಲ್ಲಿ ಗುಂಡಿ ತೋಡಿ, ಮಡಕೆ ಇಳಿಸಿ, ಸುತ್ತ ಮಟ್ಟೆ ಹೊಟ್ಟು ಪೇರಿಸಿ ಹೊತ್ತಿಸಿದರೆ ಮನೆಯೆಲ್ಲ ಹೊಗೆ. ಅಮ್ಮನವರು ಮೂಗಿಗೆ ಸೆರಗು ಹಿಡಿದು, "ಯಾವ ಜನ್ಮದಲ್ಲಿ ಕುಂಬಾರ್ತಿ ಆಗಿದ್ಯೇ ನೀನು" ಅಂತ ಬಯ್ಯುತ್ತಲೇ ಕೇರುತ್ತಿದ್ದರು.

ಕಲ್ಲು ಬರುತ್ತಿದ್ದದ್ದು ಅವರದೇ ಗುಡ್ಡದಿಂದ. ಮನೆಯ ಹಿಂದೆ ಎರಡು ಹೊಲ ದಾಟಿದರೆ ಕೆಂಪು ಗುಡ್ಡ. ದೊಡ್ಡದೇನಲ್ಲ, ಹತ್ತಿ ಇಳಿಯುವಷ್ಟರಲ್ಲಿ ಎಲೆಯಡಿಕೆ ಮುಗಿಯುವುದಿಲ್ಲ. ಮೈತುಂಬ ಸೀತಾಫಲದ ಗಿಡ, ನವಿಲು. ನೆತ್ತಿಯ ಬಂಡೆಯ ಸಂದಿನಲ್ಲಿ ಜೇನು. ಆ ಮನೆಯಲ್ಲಿ ಯಾರೂ ಜೇನುತುಪ್ಪ ಮುಟ್ಟುವುದಿಲ್ಲ, ಬೇರೆಯವರಿಗೂ ಅಮ್ಮನವರು ಕೀಳಲು ಬಿಡುತ್ತಿರಲಿಲ್ಲ. ಹಾಗಾಗಿ ಜೇನುಗೂಡಿನ ಹಲ್ಲೆಗಳು ಒಂದರ ಕೆಳಗೊಂದು ಇಳಿದು ತೊಟ್ಟಿಲಷ್ಟು ದಪ್ಪ ಆಗಿದ್ದವು. ಹಿಂದೆ ಯಾವಾಗಲೋ ಊರಿಂದೂರಿಗೆ ಕಾಲ್ನಡಿಗೆಯ ವಿಹಾರ ಹೊರಟಿದ್ದ ಒಬ್ಬ ಮುನಿಗಳು ಆ ಬಂಡೆಯ ನೆರಳಲ್ಲಿ ಒಂದು ಮಧ್ಯಾಹ್ನ ಕೂತಿದ್ದರಂತೆ. ಆಗ ಅಮ್ಮನವರು ಹೊಸ ಸೊಸೆ, ದೂರದಿಂದ ನೋಡಿದ್ದರಂತೆ. ಅವತ್ತಿನಿಂದ ಪ್ರತಿ ಅಮಾವಾಸ್ಯೆ ಮೇಲೆ ಹೋಗಿ ಹಕ್ಕಿಗಳಿಗೆ ಕಾಳು ಚೆಲ್ಲಿ ಬರುವುದು ತಪ್ಪಿಸಿರಲಿಲ್ಲ.

ಗುಡ್ಡದ ಖಾತೆ ಜಂಟಿಯಾಗಿತ್ತು, ಅಮ್ಮನವರದು ಅರ್ಧ, ಅವರ ಮೈದುನನದು ಅರ್ಧ. ಮೈದುನ ಅರಸೀಕೆರೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ. ಅವನಿಗೆ ಗುಡ್ಡ ಮಾರಬೇಕಿತ್ತು. ಲಾರಿ ಇಟ್ಟುಕೊಂಡ ಒಬ್ಬ ಗಿರಾಕಿಯೂ ಸಿಕ್ಕಿದ್ದ. ಆ ಲಾರಿಯವನು ಮಾತ್ರ ಮೀನಮೇಷ ಎಣಿಸುತ್ತಿದ್ದ, ಕಲ್ಲು ಕಳಪೆ, ತಗೊಂಡು ಏನು ಮಾಡಲಿ ಅಂತ. ಅಮ್ಮನವರ ಸಹಿ ಇಲ್ಲದೆ ಮಾರುವ ಹಾಗಿರಲಿಲ್ಲ. ಮೈದುನ ಬಂದಾಗಲೆಲ್ಲ ಅದೇ ರಾಗ. "ಅತ್ತಿಗೆ, ಆ ಬೋಳು ಗುಡ್ಡ ಇಟ್ಕೊಂಡು ಉಪ್ಪಿನಕಾಯಿ ಹಾಕ್ತೀರಾ?"

ಒಂದು ಭಾನುವಾರ ಬಸದಿಯಲ್ಲಿ ಪೂಜೆ ಮುಗಿಸಿ ಎಲ್ಲರೂ ಹೊರಗೆ ಚಪ್ಪಡಿ ಮೇಲೆ ಕೂತಿದ್ದರು. ನಾನೂ ಹೋಗಿದ್ದೆ. ಮೈದುನ ಅಲ್ಲೂ ಶುರು ಮಾಡಿದ. ಅಮ್ಮನವರಿಗೆ ರೇಗಿಹೋಯಿತು. "ನೋಡಪ್ಪ, ನಮ್ಮನೇಲಿರೋ ಈ ಮೇಡಂ ತಿಂಗಳುಗಟ್ಟಲೆ ಆ ಕಲ್ಲು ಬೇಯಿಸ್ತಾ ಇದ್ದಾಳೆ. ಅದು ಬೇಯೋ ಕಲ್ಲಲ್ಲ. ಇವಳ ಮ್ಯಾಗ್ನೆಟ್ಟಿಗೆ ಅದು ಅಂಟಿದ ದಿವಸ ನಾನು ಸಹಿ ಹಾಕ್ತೀನಿ. ಅಲ್ಲೀತನಕ ನನ್ನ ಮುಂದೆ ಗುಡ್ಡದ ಮಾತು ಎತ್ತಬೇಡ. ಸ್ವಾಮಿ ಎದುರಿಗೇ ಹೇಳ್ತಾ ಇದೀನಿ" ಅಂದುಬಿಟ್ಟರು. ಜನ ನಕ್ಕರು. ಮೈದುನನೂ ನಕ್ಕ, ಆದರೆ ನನ್ನ ಕಡೆ ತಿರುಗಿ, "ಮೇಡಂ, ಚಿಪ್ಪು ಎಷ್ಟು ಮೂಟೆ ಬೇಕು ಹೇಳ್ರೀ, ನಾನೇ ಕಳಿಸ್ಕೊಡ್ತೀನಿ" ಅಂದ.

ಅಲ್ಲಿಂದ ಮುಂದೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕಲ್ಲು ಎಗರಬೇಕು, ಇಲ್ಲದಿದ್ದರೆ ನನ್ನ ಇಷ್ಟು ವರ್ಷದ ಓದು ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ. ಕಲ್ಲು ಎಗರಿದರೆ ಗುಡ್ಡ ಹೋಗುತ್ತದೆ. ಎರಡೂ ನನಗೆ ಬೇಕಿತ್ತು, ಎರಡೂ! ಬೇರೆ ಗುಡ್ಡದ ಕಲ್ಲು ತರುತ್ತೇನೆ ಅಂತ ಹೇಳಿ ನೋಡಿದೆ. ಅಮ್ಮನವರು ಮೊರದಿಂದ ತಲೆ ಎತ್ತಲಿಲ್ಲ. "ಯಾಕೆ, ನಮ್ಮ ಕಲ್ಲಿಗೇನಾಗಿದೆ?" "ಅಕಸ್ಮಾತ್ ಅಂಟಿಬಿಟ್ರೆ ಅಮ್ಮಾ?" "ಅಂಟಿದಾಗ ನೋಡೋಣ. ನೀನು ನಮ್ಮ ಕಲ್ಲು ಅಂತ ಹೆಸರು ಬರೆಸಿ ಓದ್ತಿರೋಳು, ಈಗ ಬೇರೆಯವರ ಕಲ್ಲು ತಂದು ಸುಳ್ಳು ಬರೀತೀಯಾ?" ಬುಟ್ಟಿ ಎತ್ತಿಕೊಂಡು ಅವರ ಗುಡ್ಡಕ್ಕೇ ಹೋದೆ.

ಸೋಲುತ್ತಲೇ ಇದ್ದೆ. ಭತ್ತದ ಹೊಟ್ಟು ತುಂಬಿದ ಮಡಕೆಯಲ್ಲಿ ಬರೀ ಬೂದಿ. ಮರದ ಹೊಟ್ಟೊಂದನ್ನೇ ತುಂಬಿದ್ದು ಬೇಗ ಮುಗಿದುಹೋಗುತ್ತಿತ್ತು. ಚಿಪ್ಪು ಸೇರಿಸಿದಾಗ ಆಸೆ ಹುಟ್ಟುತ್ತಿತ್ತು, ಆದರೆ ಮಡಕೆ ತೆಗೆದರೆ ಕಲ್ಲು ಮತ್ತೆ ಅದೇ ಕೆಂಪು. ನಮ್ಮಪ್ಪನ ಹಳೇ ರೇಡಿಯೋದ ಸ್ಪೀಕರಿನಿಂದ ಕಿತ್ತ ಮ್ಯಾಗ್ನೆಟ್ಟನ್ನು ದಾರ ಕಟ್ಟಿ ಇಳಿಬಿಟ್ಟರೆ ಒಂದೆರಡು ಚೂರು ಹೊರಳಿದ ಹಾಗೆ ಮಾಡಿ ಸುಮ್ಮನಾಗುತ್ತಿದ್ದವು. ಕಾಲೇಜಿನಲ್ಲಿ ಸಿಕ್ಕಸಿಕ್ಕವರ ಮೇಲೆ ರೇಗುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಅಮ್ಮನವರು ಒಂದು ದಿನ ರೊಟ್ಟಿ ತಂದು ಮುಂದಿಟ್ಟು, "ಕಲ್ಲು ಬೇಯ್ಲಿಲ್ಲ ಅಂತ ನೀನ್ಯಾಕೆ ಬೇಯ್ತೀಯೇ" ಅಂದರು. ಅವರ ದನಿಯಲ್ಲಿ ನೆಮ್ಮದಿ ಇತ್ತು. ಇರುವುದು ಸಹಜವೇ, ಆದರೂ ನನಗೆ ಚುರುಕ್ ಅನ್ನಿಸಿತು.

ಕಾರಣ ಗೊತ್ತಾದದ್ದು ಅರಸೀಕೆರೆಯ ನಮ್ಮ ಅಟ್ಟದಲ್ಲಿ. ದಸರಾ ರಜೆಗೆ ಹೋಗಿದ್ದೆ, ಅಟ್ಟ ಹತ್ತಿದ್ದೆ, ಅಭ್ಯಾಸಬಲ, ಒಂದು ಕಾಯಿ ಎತ್ತಿ ಕಿವಿಗೆ ಹಿಡಿದಿದ್ದೆ. ಅಲ್ಲಾಡಿಸಿದ ಕೈ ಗಾಳಿಯಲ್ಲೇ ನಿಂತುಹೋಯಿತು. ಅಯ್ಯೋ ಶಿವನೇ, ಮಡಕೆಯನ್ನೂ ಹೀಗೇ ಮಾಡುತ್ತಿದ್ದೇನಲ್ಲ! ಉರಿ ಇಳಿದು, ಮಡಕೆಯ ಮೈ ಸ್ವಲ್ಪ ಆರಿತು ಅನ್ನುವಷ್ಟರಲ್ಲಿ ಗೋಣಿತಟ್ಟು ಸುತ್ತಿ ಎತ್ತಿ ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸುತ್ತಿದ್ದೆ. ಚಿಪ್ಪು ಉರಿದು ಜಾಗ ಖಾಲಿಯಾಗಿದ್ದರೆ ಲೊಡಲೊಡ ಅನ್ನುತ್ತದಲ್ಲ, ಬೆಂದಿದೆಯೋ ಇಲ್ಲವೋ ತಿಳಿಯಲಿ ಅಂತ. ಯಾವ ಪುಸ್ತಕದಲ್ಲೂ ಇಲ್ಲದ ವಿಧಾನ, ತೆಂಗಿನ ಸೀಮೆಯವರಿಗೆ ಮಾತ್ರ ಹೊಳೆಯುವಂಥದ್ದು. ಅಲ್ಲಾಡಿಸಿದಾಗ ಬಾಯಿಗೆ ಮೆತ್ತಿದ ಮಣ್ಣು ಕೂದಲೆಳೆಯಷ್ಟು ಬಿರುಕು ಬಿಡುತ್ತಿತ್ತು. ಹೊರಗೆ ಆರಿದ್ದರೂ ಒಳಗಿನ ಕಲ್ಲು ಇನ್ನೂ ನಿಗಿನಿಗಿ ಕೆಂಡ. ಬಿರುಕಿನಲ್ಲಿ ಗಾಳಿ ನುಗ್ಗಿ, ಚಿಪ್ಪು ಕಿತ್ತುಕೊಂಡಿದ್ದನ್ನೆಲ್ಲ ಕಲ್ಲು ವಾಪಸ್ ಎಳೆದುಕೊಳ್ಳುತ್ತಿತ್ತು. ಅಂದರೆ ಕಲ್ಲು ಪ್ರತಿಸಲವೂ ಬೆಂದಿತ್ತು. ಮಡಕೆ ಪೂರ್ತಿ ತಣ್ಣಗಾಗುವ ತನಕ ನಾನು ಅದನ್ನು ಅದರ ಪಾಡಿಗೆ ಬಿಡಲಿಲ್ಲ, ಅಷ್ಟೇ.

ರಜೆ ಮುಗಿಯುವ ಮೊದಲೇ ಓಡಿಬಂದೆ. "ಅಮ್ಮಾ, ಗೊತ್ತಾಯ್ತು! ಮುಚ್ಚಿದ್ದು ಮುಚ್ಚಿದ ಹಾಗೇ ತಣ್ಣಗಾಗಬೇಕು. ಒಂದು ಉಸಿರು ಗಾಳಿ ಹೋದ್ರೂ ಕೆಟ್ಟುಹೋಗುತ್ತೆ. ಇಷ್ಟು ದಿನ ನಾನೇ ಅಲ್ಲಾಡಿಸಿ ಕೆಡಿಸ್ತಿದ್ದೆ!" ಅಂತ ಹಿತ್ತಲಲ್ಲಿ ಕುಣಿಯುತ್ತ ಹೇಳಿದೆ. ಅಮ್ಮನವರು ಹುರುಳಿ ಕೇರುತ್ತಿದ್ದರು. ಮೊರ ಒಂದು ಸಲ ಮೇಲೆ ಹೋದದ್ದು ಕೆಳಗೆ ಬರಲು ತಡವಾಯಿತು. "ಹಾಗಾದ್ರೆ ಈ ಸಲ ಅಂಟುತ್ತೆ ಅನ್ನು" ಅಂದರು. ಆಗ ನನಗೆ ಗುಡ್ಡ ನೆನಪಾಯಿತು. ಕುಣಿತ ನಿಂತಿತು.

ಮೈದುನನಿಗೆ ಹೇಗೋ ಸುದ್ದಿ ಮುಟ್ಟಿತು. ಗುರುವಾರ ಸಾಯಂಕಾಲ ಲಾರಿಯವನನ್ನು ಕರೆದುಕೊಂಡು ಬರುತ್ತೇನೆ, ಅವನ ಎದುರಿಗೇ ಮಡಕೆ ತೆಗೆಯಬೇಕು ಅಂತ ಹೇಳಿಕಳಿಸಿದ. ಗುರುವಾರ ಬೆಳಕು ಹರಿಯುತ್ತಲೇ ಎರಡು ಮಡಕೆ ತುಂಬಿ, ಬಾಯಿಗೆ ಹೊಟ್ಟು ಕಲಸಿದ ಮಣ್ಣು ದಪ್ಪಗೆ ಮೆತ್ತಿ, ಉರಿ ಹಾಕಿದೆ. ಬೇಕಾದಷ್ಟು ಕಾದ ಮೇಲೆ ಉರಿ ಎಳೆದು, ಮಡಕೆಯ ಕುತ್ತಿಗೆ ತನಕ ಬೂದಿ ಮುಚ್ಚಿ, ಸ್ನಾನಕ್ಕೆ ಹೋದೆ. ಅಷ್ಟರಲ್ಲಿ ಕಾಲೇಜಿನ ಜವಾನ ಸೈಕಲ್ ತುಳಿದುಕೊಂಡು ಬಂದ. ಬೇಲೂರಿನಲ್ಲಿ ಪರೀಕ್ಷೆ ಡ್ಯೂಟಿ, ಬರಬೇಕಿದ್ದವರು ಜ್ವರ ಅಂತ ಮಲಗಿದ್ದಾರೆ, ನೀವು ಈಗಲೇ ಹೊರಡಬೇಕಂತೆ.

ಮಡಕೆ ಬಿಟ್ಟು ಹೋಗುವುದೆ? ಯಾರನ್ನು ನಂಬಿ? ಮನೆಯಲ್ಲಿದ್ದವರು ಅಮ್ಮನವರೊಬ್ಬರೇ. ಅವರ ಗುಡ್ಡ ಆ ಎರಡು ಮಡಕೆಯ ಬಾಯಲ್ಲಿತ್ತು, ಮತ್ತು ಕೆಡಿಸುವುದು ಹೇಗೆ ಅಂತ ನಾನೇ ಕುಣಿದು ಕುಣಿದು ಹೇಳಿಕೊಟ್ಟಿದ್ದೆ. ಒಂದು ಕಡ್ಡಿಯಲ್ಲಿ ಮಣ್ಣು ಚುಚ್ಚಿದರೆ ಸಾಕು. ಯಾರಿಗೂ ತಿಳಿಯುವುದೂ ಇಲ್ಲ, ಈ ಸಲವೂ ಬೇಯಲಿಲ್ಲ ಅಂತ ಮೈದುನನೂ ಬಾಯಿ ಮುಚ್ಚುತ್ತಾನೆ. ಅವರ ಮುಂದೆ ನಿಂತು ಏನು ಹೇಳಬೇಕೋ ತಿಳಿಯದೆ, "ಅಮ್ಮಾ, ಮಡಕೆ... ನಾನು ಹೇಳೋ ತನಕ ಯಾರೂ ಮುಟ್ಟಬಾರದು" ಅಂದೆ. "ಹೋಗಿ ಬಾ" ಅಂದರು. ಅವತ್ತು ಅವರಿಗೆ ನೋಂಪಿ, ಇಡೀ ದಿನ ಉಪವಾಸದ ವ್ರತ.

ಬೇಲೂರಿನ ಆ ಪರೀಕ್ಷೆ ಹಾಲಿನಲ್ಲಿ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ, ಅಲ್ಲಿಂದ ಇಲ್ಲಿಗೆ. ಕೊನೆಗೆ ಒಬ್ಬ ಹುಡುಗಿ ಪೆನ್ನು ಕೆಳಗಿಟ್ಟು, "ಮೇಡಂ, ಕೂತ್ಕೊಳ್ಳಿ ಪ್ಲೀಸ್, ನೋಡಿದ್ರೆ ತಲೆ ತಿರುಗುತ್ತೆ" ಅಂದಳು. ಕೂತೆ. ಕಾಲು ಮೇಜಿನ ಕೆಳಗೆ ಕುಣಿಯುತ್ತಿತ್ತು. ತೆಗೆದುಬಿಟ್ಟಿರುತ್ತಾರೆ ಅಂತ ಒಂದು ಗಳಿಗೆ, ಛೆ ಅವರು ಅಂಥವರಲ್ಲ ಅಂತ ಇನ್ನೊಂದು ಗಳಿಗೆ. ಆಮೇಲೆ ಇನ್ನೂ ಒಂದು ಯೋಚನೆ ಬಂತು, ತೆಗೆದರೆ ತೆಗೆಯಲಿ, ನನಗೆ ನಾಳೆ ಇದೆ, ಇನ್ನೊಂದು ಮಡಕೆ ಇದೆ, ಅವರಿಗೆ ಇನ್ನೊಂದು ಗುಡ್ಡ ಇಲ್ಲ. ಉತ್ತರಪತ್ರಿಕೆ ಕಟ್ಟಿಕೊಟ್ಟವಳೇ ಬಸ್ ಸ್ಟ್ಯಾಂಡಿಗೆ ಓಡಿದೆ. ತೆಗೆದಿರಲಿ ತೆಗೆದಿರಲಿ ಅಂತ ದಾರಿಯುದ್ದಕ್ಕೂ ಅಂದುಕೊಂಡೆ, ಹಳೇಬೀಡು ಹತ್ತಿರವಾದಂತೆ ತೆಗೆಯದೆ ಇರಲಿ ಅನ್ನಿಸತೊಡಗಿತು.

ಹಿತ್ತಲಿಗೆ ಬಂದರೆ ಅಮ್ಮನವರು ಗುಂಡಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದರು. ಒಂದು ಕೈಯಲ್ಲಿ ಜಪಸರ, ಇನ್ನೊಂದು ಕೈಯಲ್ಲಿ ಪೊರಕೆ. ಉಪವಾಸಕ್ಕೆ ಮುಖ ಬಾಡಿತ್ತು. ಬಿಸಿಲು ಹೊರಳಿ ಹೊರಳಿ ಅವರ ಮೇಲೇ ಬಂದಿತ್ತು, ಅವರು ಕದಲಿರಲಿಲ್ಲ. "ಕರು ಬಿಚ್ಕೊಂಡು ಬಂದು ಮಡಕೆಗೆ ಮೂತಿ ಇಡ್ತಿತ್ತು ಕಣೇ. ಅದಕ್ಕೇ ಕಾಯ್ತಾ ಕೂತೆ" ಅಂದರು. ನಾನು ಬಗ್ಗಿ ನೋಡಿದೆ. ಮೆತ್ತಿದ ಮಣ್ಣು ಬೆಳಿಗ್ಗೆ ನಾನು ಬೆರಳೊತ್ತಿದ ಹಾಗೇ ಇತ್ತು, ಒಂದು ಗೀರಿಲ್ಲ. ನನಗೆ ಅಳು ಬಂತು, ಏನಕ್ಕೆ ಅಂತ ಕೇಳಿದರೆ ಹೇಳಲಾರೆ.

ಸ್ಕೂಟರಿನಲ್ಲಿ ಮೈದುನ, ಜೀಪಿನಲ್ಲಿ ಲಾರಿಯವನು. "ತೆಗಿ, ಹೊತ್ತು ಮುಳುಗೋದ್ರೊಳಗೆ ಮುಗೀಲಿ" ಅಂದರು ಅಮ್ಮನವರು. ಮಡಕೆ ಮುಟ್ಟಿದರೆ ತಣ್ಣಗೆ, ಕೊಡದ ನೀರಿನ ಹಾಗೆ. ಒಂದರ ಬಾಯಿ ಒಡೆದು ಗೋಣಿಯ ಮೇಲೆ ಸುರಿದೆ. ಕಪ್ಪು. ಹುರಿದ ಎಳ್ಳಿನಂಥ ಕಪ್ಪು. ದಾರ ಕಟ್ಟಿದ ಮ್ಯಾಗ್ನೆಟ್ಟನ್ನು ಇಳಿಬಿಟ್ಟೆ, ಇನ್ನೂ ಗೇಣುದ್ದ ಮೇಲಿರುವಾಗಲೇ ಚೂರುಗಳು ಎದ್ದು ಎದ್ದು ಹಾರಿ ಟಣ್ ಟಣ್ ಅಂತ ಅಂಟಿಕೊಂಡವು. "ಆಹಾ!" ಅಂದೆ, ಬಾಯಿ ತಪ್ಪಿ. ಸುಳ್ಳೇಕೆ, ಆ ಒಂದು ಗಳಿಗೆ ಗುಡ್ಡವೂ ಇಲ್ಲ, ಅಮ್ಮನವರೂ ಇಲ್ಲ, ನಾನೂ ನನ್ನ ಕಲ್ಲೂ ಅಷ್ಟೇ. "ಏನ್ಲಾ ಇದು, ಕುಣೀತದಲ್ಲೋ!" ಅಂದ ಲಾರಿಯವನು. ಇನ್ನೊಂದು ಮಡಕೆಗೂ ಕೈ ಹಾಕಲು ಬಂದ. "ಅದನ್ನು ಮುಟ್ಟಬೇಡಿ, ಗೈಡಿಗೆ ತೋರಿಸಬೇಕು, ನಾನು ಹೇಳೋ ತನಕ ಯಾರೂ ಮುಟ್ಟಬೇಡಿ" ಅಂತ ಗದರಿದೆ.

ಮೈದುನ ಜೇಬಿನಲ್ಲಿ ಪತ್ರ ಇಟ್ಟುಕೊಂಡೇ ಬಂದಿದ್ದ. ಅಮ್ಮನವರು ಕೈ ತೊಳೆದು ಬಂದು, ಜಗಲಿಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದರು. ಆ ಇಬ್ಬರೂ ಹೊರಟುಹೋದ ಮೇಲೆ ನಾನು ತಡೆಯಲಾರದೆ ಕೂಗಾಡಿಬಿಟ್ಟೆ. "ನಿಮಗೇನಾಗಿತ್ತು ಅಮ್ಮಾ? ಇಡೀ ದಿವಸ ಒಬ್ಬರೇ ಇದ್ರಿ. ಒಂದು ಕಡ್ಡಿ ತಗೊಂಡು ಚುಚ್ಚಿಬಿಡಬಾರದಿತ್ತಾ? ನಾನು ಇನ್ನೊಂದು ಮಡಕೆ ಬೇಯಿಸ್ಕೊಳ್ತಿದ್ದೆ, ಇನ್ನೊಂದು ವರ್ಷ ಕಾಯ್ತಿದ್ದೆ!" "ನೀನು? ಕಾಯ್ತಿದ್ದೆ?" ಅಂತ ನಕ್ಕುಬಿಟ್ಟರು. ಆಮೇಲೆ ಹೇಳಿದರು, "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಕಣಮ್ಮ. ಆಡಿದ್ದು ನಾನು. ಅದಕ್ಕೆ ನಿನ್ನ ಮಡಕೆ ಯಾಕೆ ಒಡೀಲಿ?" ಎದ್ದು ಒಳಗೆ ಹೋದರು. ಹೊತ್ತು ಮುಳುಗುತ್ತಿತ್ತು.

ನನಗೆ ಆ ಮನೆಯಲ್ಲಿ ಇರಲಾಗಲಿಲ್ಲ. ಒಡೆದ ಮಡಕೆಯ ಕಪ್ಪು ಕಲ್ಲನ್ನೇ ಪೊಟ್ಟಣ ಕಟ್ಟಿ ಗೈಡಿಗೆ ತೋರಿಸಿದೆ, ಬೆನ್ನು ತಟ್ಟಿಸಿಕೊಂಡೆ, ಅರಸೀಕೆರೆಗೆ ವರ್ಗ ಮಾಡಿಸಿಕೊಂಡು ಮೂಟೆ ಕಟ್ಟಿದೆ. ಮುಂದಿನ ಪ್ರಯೋಗಗಳನ್ನೆಲ್ಲ ನಮ್ಮ ಮನೆಯ ಹಿತ್ತಲಿನಲ್ಲೇ ಮಾಡಿದೆ, ಡಾಕ್ಟರೇಟೂ ಬಂತು. ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಅಷ್ಟು ದೊಡ್ಡ ಗುಡ್ಡ ಬೇಯಿಸಲು ಊರೂರಿನ ಚಿಪ್ಪು ಬೇಕು, ಗೂಡು ಕಟ್ಟಬೇಕು, ಜನ ಬೇಕು. ಬೇಗ ಆಗುವ ಕೆಲಸವಲ್ಲ. ಲಾರಿಯವನು ಬೇಸತ್ತು ಬಿಟ್ಟರೂ ಬಿಟ್ಟಾನು. ನಿಜಕ್ಕೂ ಮೂರು ನಾಲ್ಕು ವರ್ಷ ಆ ಗುಡ್ಡದ ತಂಟೆಗೆ ಯಾರೂ ಹೋಗಲಿಲ್ಲ.

ಆಮೇಲೆ ಅದಿರಿಗೆ ಚಿನ್ನದ ಬೆಲೆ ಬಂದ ಕಾಲ ಬಂತು. ಚೀನಾದವರು ಮಣ್ಣು ಕೊಟ್ಟರೂ ಕೊಳ್ಳುತ್ತಾರೆ ಅಂತ ಬಸ್ಸಿನಲ್ಲೆಲ್ಲ ಮಾತು. ಒಂದು ದಿನ ಕಾಲೇಜಿನಿಂದ ಬರುವಾಗ ಕೆಂಪು ದೂಳು ಮೆತ್ತಿದ ಲಾರಿಗಳು ಸಾಲಾಗಿ ನಿಂತಿದ್ದು ನೋಡಿದೆ. ಒಂದರ ಮುಂದೆ ಆ ಮೈದುನ ಟೀ ಕುಡಿಯುತ್ತ ನಿಂತಿದ್ದ. "ಮೇಡಂ, ನಮ್ಮ ಗುಡ್ಡದ್ದೇ ಕಣ್ರೀ" ಅಂದ, ಖುಷಿಯಿಂದ. ಲಾರಿಯೊಳಗೆ ಇಣುಕಿದೆ. ಕೆಂಪು. ಕಚ್ಚಾ ಕಲ್ಲು, ಅಗೆದದ್ದು ಅಗೆದ ಹಾಗೆ. "ಬೇಯಿಸಲಿಲ್ಲವಾ?" ಅಂದೆ. "ಯಾರು ಬೇಯಿಸ್ತಾರೆ ಮೇಡಂ? ಇದ್ದಂಗೇ ತಗೊಂಡೋಯ್ತಾರೆ ಈಗ. ನಿಮ್ಮ ಚಿಪ್ಪು ಗಿಪ್ಪು ಯಾವುದೂ ಬೇಡ" ಅಂದ.

ಅಂದರೆ ಒಂದು ಚಿಪ್ಪನ್ನೂ ಅವರು ಸುಡಲಿಲ್ಲ. ನನ್ನ ಹಿತ್ತಲ ಹೊಗೆ, ಬಸ್ಸಿನ ಜಗಳ, ಕುಣಿದ ಕಲ್ಲು, ಎಲ್ಲ ಸೇರಿ ಕೊಡಿಸಿದ್ದು ಒಂದು ಸಹಿ. ನನಗೆ ಬಂದ ಸಿಟ್ಟಿಗೆ ಆ ಟೀ ಲೋಟ ಅವನ ಕೈಯಿಂದ ಕಿತ್ತು ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ದೂಳು ಕುಡಿದು ಮನೆಗೆ ನಡೆದೆ.

ಅಮ್ಮನವರನ್ನು ನೋಡಲು ಹೋಗುವ ಧೈರ್ಯ ಬರುವಷ್ಟರಲ್ಲಿ ಗುಡ್ಡ ಮುಗಿದಿತ್ತು. ಹಿತ್ತಲಿನಿಂದ ನೋಡಿದರೆ ಎರಡು ಹೊಲದಾಚೆ ಬರೀ ಆಕಾಶ, ಕೆಳಗೆ ಗುಂಡಿ, ಗುಂಡಿಯಲ್ಲಿ ಕೆಂಪು ನೀರು. ನವಿಲುಗಳು ಹಿತ್ತಲ ಗೋಡೆಯ ಮೇಲೆ ಕೂತಿದ್ದವು. ಅಮ್ಮನವರು ಸ್ವಲ್ಪ ಬಗ್ಗಿದ್ದರು, ಗಂಟಲು ಮಾತ್ರ ಹಾಗೇ ಇತ್ತು. "ಬಂದ್ಯಾ? ಎಷ್ಟು ವರ್ಷ ಬೇಕಾಯ್ತೇ ನಿನಗೆ, ಕಾಲಿಗೆ ಚಕ್ರ ಇರೋಳಿಗೆ?" ಅಂತ ಬೈದು, ಊಟ ಹಾಕಿದರು. ಅಮಾವಾಸ್ಯೆಯ ಕಾಳು ಈಗ ಗೋಡೆಯ ಮೇಲೇ ಚೆಲ್ಲುತ್ತಾರಂತೆ.

ಹೊರಡುವಾಗ, "ಇರು, ನಿನ್ನದೊಂದು ಸಾಮಾನು ಉಳಿದಿದೆ" ಅಂತ ಬಚ್ಚಲುಮನೆಗೆ ಹೋದರು. ಹಂಡೆಯ ಹಿಂದಿನ ಗೂಡಿನಿಂದ ಬಟ್ಟೆ ಸುತ್ತಿದ ಮಡಕೆ ಎತ್ತಿಕೊಂಡು ಬಂದರು. ಬಾಯಿಗೆ ಮೆತ್ತಿದ ಮಣ್ಣು, ಮಣ್ಣಿನ ಮೇಲೆ ನನ್ನ ಬೆರಳಚ್ಚು. ಅವತ್ತಿನ ಎರಡನೆಯ ಮಡಕೆ. ನಾನು ಮರೆತೇಬಿಟ್ಟಿದ್ದೆ.

"ನೀನು ಹೇಳೋ ತನಕ ಯಾರೂ ಮುಟ್ಟಬಾರದು ಅಂದಿದ್ದೆ. ನೀನು ಹೇಳಲೇ ಇಲ್ಲ" ಅಂದರು.

ಬಟ್ಟೆ ಬಿಚ್ಚಿ ಕೈಗೆ ತೆಗೆದುಕೊಂಡೆ. ದುಂಡಗಿತ್ತು. ಕೈ ತಾನಾಗೇ ಕಿವಿಗೆ ಹೋಯಿತು. ಅಲ್ಲಾಡಿಸಿದೆ. ಒಳಗೆ ಲೊಡಲೊಡ ಅಂತು.

"ಏನೇ ಅದು ಸದ್ದು?"

"ಗುಡ್ಡ, ಅಮ್ಮಾ" ಅಂದೆ.

ಅವರು ಮಡಕೆ ಇಸಿದುಕೊಂಡರು. ನಾನು ಹಿಡಿದ ಹಾಗೇ ಕಿವಿಯ ಹತ್ತಿರ ಹಿಡಿದು, ಒಡೆದೀತೇನೋ ಅನ್ನುವಷ್ಟು ಮೆಲ್ಲಗೆ ಅಲ್ಲಾಡಿಸಿದರು. ಕಣ್ಣು ಆಕಾಶದ ಕಡೆಗಿತ್ತು, ಎರಡು ಹೊಲದಾಚೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ ಅಲ್ಲಾಡಿಸಿದರು. ನಾನು ಬಸ್ಸು ತಪ್ಪಿಸಿಕೊಂಡು ಅಲ್ಲೇ ಕೂತೆ.